ನಮ್ಮ ಕೇರಿಯ ಪರವಾಗಿ ಓಗೊಡುವವರು

ಅಘನಾಶಿನಿ ಅಳಿವೆ, ಜೂನ್ 2219

ಇನ್ನೂರು ವರ್ಷ ಹಿಂದಿನ ಹಿರಿಯರೇ,

ನಮ್ಮ ಕೇರಿಯ ಪರವಾಗಿ ಓಗೊಡುತ್ತಿರುವುದು ಕೇರಿಯ ಯಾವ ಮನೆಯೂ ಅಲ್ಲವೆಂಬ ಅನುಮಾನವನ್ನು ಬರೆಯದೆ ಬಿಡೋಣವೆಂದಿದ್ದೆ. ಹುಚ್ಚು ಶಂಕೆಯೂ ಇರಬಹುದು. ಆದರೆ ದನಿ ಹೊತ್ತು ತರುವ ತಂತಿಯ ನಿಯಮಗಳನ್ನು ರೂಪಿಸುತ್ತಿರುವವರು ನೀವು; ನಿಮಗಲ್ಲದೆ ಯಾರಿಗೆ ಹೇಳಲಿ? ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಕಡಲೇರುವ ಮುನ್ನ ಎಚ್ಚರಿಸುವ ದನಿಗೆ ನಾವು ಕಡಲವಾಣಿ ಎನ್ನುತ್ತೇವೆ. ಕಡಲವಾಣಿಯ ಕಚೇರಿ ಅದನ್ನು ಒಂದೇ ಸಲ ಕಳಿಸುತ್ತದೆ, ಮನೆಮನೆಗೆ ಬೇರೆಬೇರೆಯಾಗಿ ಅಲ್ಲ. ದಾರಿ ಕವಲೊಡೆಯುವಲ್ಲಿ ಕವಲಿಗ ಎಂಬ ಪೆಟ್ಟಿಗೆ ಇರುತ್ತದೆ. ಕೇಳುವವರಿರುವ ಕಡೆಗಷ್ಟೇ ಅದು ದನಿಯ ಪ್ರತಿ ಮಾಡಿ ಬಿಡುತ್ತದೆ. ಯಾರೂ ಇಲ್ಲದ ಕವಲನ್ನು ಕೈಬಿಡುತ್ತದೆ. ಅದಕ್ಕಾಗಿ ಆಗಾಗ 'ಯಾರಿದ್ದೀರಿ?' ಎಂದು ಕೇರಿಯನ್ನು ಕೂಗುತ್ತದೆ. ದನಿ ಕೇಳಿಸಲು ಮನೆಮನೆಯಲ್ಲೂ ಇರುವ ಪೆಟ್ಟಿಗೆಗಳಲ್ಲಿ ಒಂದು 'ಓ' ಎಂದರೆ ಸಾಕು, ಅದನ್ನು ಕೇಳಿಸಿಕೊಂಡ ಉಳಿದವು ಸುಮ್ಮನಾಗುತ್ತವೆ. ತಂತಿಯಲ್ಲಿ ಗದ್ದಲವಾಗದಿರಲೆಂದು ನೀವೇ ಮಾಡಿದ ಏರ್ಪಾಡು. ಹೀಗಾಗಿ ಕೇರಿ ಕೇಳುತ್ತಿದೆಯೆಂದು ಕವಲಿಗಕ್ಕೆ ತಿಳಿಯುತ್ತದೆ. ಯಾರು, ಎಷ್ಟು ಜನ ಎಂಬುದು ತಿಳಿಯುವುದಿಲ್ಲ.

ನಮ್ಮವು ಕಂಬದ ಮೇಲಿನ ಮನೆಗಳು. ಮೆಟ್ಟಿಲಿಗೆ ದೋಣಿ ಕಟ್ಟುತ್ತೇವೆ, ಮಾಡಿನ ಮೇಲೆ ಮೀನು ಒಣಗಿಸುತ್ತೇವೆ, ದನಿ ಬಂದರೆ ಮಕ್ಕಳೊಂದಿಗೆ ಗುಡ್ಡಕ್ಕೆ ಹೊರಡುತ್ತೇವೆ. ಕಳೆದ ದೊಡ್ಡ ಉಬ್ಬರದಲ್ಲಿ ದನಿ ಬರಲೇ ಇಲ್ಲ. ಪಕ್ಕದ ಮನೆಯ ಬೀರಮ್ಮಕ್ಕನ ಗೋಡೆಗಳು ಕೊಚ್ಚಿಹೋದವು. ಅವಳು ಕಂಬ ತಬ್ಬಿಕೊಂಡು ಉಳಿದಳು. ಕಚೇರಿಗೆ ಹೋಗಿ ಕೇಳಿದರೆ ಅಧಿಕಾರಿ ಸೌಜನ್ಯದಿಂದಲೇ ಹೇಳಿದರು: "ನಿಮ್ ಕೇರಿ ಓ ಅಂದಿದೆಯಲ್ಲ ಮೇಡಂ. ಕೇಳಿಸ್ಲಿಲ್ಲ ಅಂದ್ರೆ ಹೇಗೆ?"

ಅಂದಿನಿಂದ ನಾವು ಒಬ್ಬರನ್ನೊಬ್ಬರು ನೋಡುವ ರೀತಿಯೇ ಬದಲಾಯಿತು. ಓಗೊಟ್ಟ ಮನೆ ಯಾವುದು, ಕೇಳಿಸಿಕೊಂಡೂ ಸುಮ್ಮನಿದ್ದವರು ಯಾರು? ತಂತಿಯ ವಿಷಯ ತಿಳಿದವಳೆಂದು ಕೆಲವರು ನನ್ನನ್ನೇ ಶಂಕಿಸಿದರು. ನೀರಿಳಿದ ಮೇಲೆ ನೋಡಿದರೆ ಕೇರಿಯ ತಂತಿ ಉಪ್ಪು ತಿಂದು ತುಂಡಾಗಿತ್ತು. ತುಂಡಾದ ತಂತಿಯಲ್ಲಿ 'ಓ' ಹೋದದ್ದು ಹೇಗೆ? ಕಡತದಲ್ಲಿ ಎಲ್ಲ ಕೇರಿಗಳೂ ಕೇಳಿದಂತೆ ಕಾಣಲೆಂದು ಕಚೇರಿಯವರೇ ನಮ್ಮ ಪರವಾಗಿ ಓಗೊಡುವ ಪೆಟ್ಟಿಗೆಯೊಂದನ್ನು ಇಟ್ಟಿರಬಹುದೇ? ಅಥವಾ ತಂತಿ ತುಂಡಾಗುವ ಮುನ್ನ ಹೋದ 'ಓ' ಅದಾಗಿತ್ತೇ? ಒಮ್ಮೆ ಓಗೊಟ್ಟರೆ ಕೇರಿ ಕೇಳುತ್ತಲೇ ಇದೆಯೆಂದು ಕವಲಿಗ ಸ್ವಲ್ಪ ಹೊತ್ತು ನಂಬುತ್ತದೆ. ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ದಾರಿ ತೋರಿಸಿದವಳು ಬೀರಮ್ಮಕ್ಕ. "ತಂತಿ ಸರಿಯಾಯ್ತಲ್ಲ ಮೃದುಲಾ, ಈಗ ಎಲ್ಲರೂ ಬಾಯಿ ಮುಚ್ಕಂಡು ನೋಡುವ," ಎಂದಳು. "ಆಗಲೂ ಓ ಅಂದ್ರೆ, ಅದು ನಾವಲ್ಲ ಅಲ್ದಾ?"

ಅಮಾವಾಸ್ಯೆಯ ಹಿಂದಿನ ದಿನ ಇಡೀ ಕೇರಿ ಪೆಟ್ಟಿಗೆಗಳನ್ನು ಆರಿಸಲಿದೆ. ನನ್ನ ಶಂಕೆ ಸುಳ್ಳಾದರೆ, ಅಮಾವಾಸ್ಯೆಯ ಉಬ್ಬರದ ಹೊತ್ತಿಗೇ ಕವಲಿಗ ನಮ್ಮನ್ನು ಕೈಬಿಡುತ್ತದೆ. ಆದ್ದರಿಂದ ಮಕ್ಕಳು, ಮುದುಕರು ಆಗಲೇ ಗುಡ್ಡ ಹತ್ತಿದ್ದಾರೆ. ಓಗೊಡುವ ಪ್ರತಿ ಕೇರಿಗೂ ಒಂದು ದೀಪ ಉರಿಯುವ ಕಚೇರಿಯ ಫಲಕದ ಮುಂದೆ ನಿಂತು ನಾನು ನಮ್ಮ ಕೇರಿಯ ದೀಪವನ್ನು ನೋಡುತ್ತಿರುತ್ತೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪ್ರತಿ ಮನೆಯೂ ತನ್ನ ಹೆಸರು ಹೇಳಿಯೇ ಓಗೊಡಲಿ. ಒಬ್ಬರ 'ಓ' ಇನ್ನೊಬ್ಬರ ಬಾಯಿ ಮುಚ್ಚಿಸದಿರಲಿ.

ದೀಪ ಆರಿದರೆ ಈ ಪತ್ರವನ್ನು ಹರಿದು ಕಚೇರಿಯವರ ಕ್ಷಮೆ ಕೇಳುತ್ತೇನೆ. ಉರಿಯುತ್ತಲೇ ಇದ್ದರೆ ಮಾತ್ರ ನಿಮ್ಮ ಕಾಲಕ್ಕೆ ಒಯ್ಯುವ ಅಂಚೆಗೆ ಹಾಕುತ್ತೇನೆ, ಅಮಾವಾಸ್ಯೆಯ ಬೆಳಿಗ್ಗೆ, ಜೂನ್ 13, 2219ರಂದು.