ಹಿಟ್ಟಿನ ಮೇಲಿನ ಹೆಜ್ಜೆ

ಕೊಟ್ಟೂರು
12-6-2025, ಗುರುವಾರ

ಕಾಂತೇಶನ ಅಪ್ಪನವರಿಗೆ,

ಕ್ರಾಂತಿ ಮಾಡುವ ನಮಸ್ಕಾರಗಳು. ನಾನೂ ಮಗನೂ ತವರಿನಲ್ಲಿ ಉಂಡುಕೊಂಡು, ತಿರುಗಾಡಿಕೊಂಡು ಇದ್ದೇವೆ. ಇದಕ್ಕೆ ಕ್ಷೇಮ ಅನ್ನಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ವಾದಕ್ಕೆ ಇಳಿಯುತ್ತೀರಿ, ವಾದದಲ್ಲಿ ನಿಮ್ಮನ್ನು ಗೆದ್ದವರು ಕೂಡ್ಲಿಗಿ ತಾಲ್ಲೂಕಿನಲ್ಲೇ ಇಲ್ಲ. ಮನೆಗೆ ಕಳಿಸಿದರೆ ಅತ್ತೆ ಯಾರಿಂದಲಾದರೂ ಓದಿಸಿಯಾರು ಎಂದು ನಿಮ್ಮ ಶಾಲೆಯ ವಿಳಾಸಕ್ಕೆ ಬರೆದಿದ್ದೇನೆ. ಸ್ಟಾಫ್ ರೂಮಿನಲ್ಲಿ ಒಡೆಯಬೇಡಿ.

ಭಾನುವಾರ ನಾನು ಹೇಳದೆ ಕೇಳದೆ ಯಾಕೆ ಬಸ್ಸು ಹತ್ತಿದೆ ಎಂದು ನನ್ನ ಅಣ್ಣನನ್ನು ಕೇಳಿದಿರಂತೆ. ಏನೂ ಗೊತ್ತಿಲ್ಲದವರ ಹಾಗೆ ಆಡಬೇಡಿ. ನೀವು ಅಲ್ಲೇ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದಿರಿ. ಭಾಗ್ಯಳನ್ನು ಕರೆದೊಯ್ಯಲು ಅವಳಣ್ಣ ಬೀರಲಿಂಗೇಶ್ ಚಿಗಟೇರಿಯಿಂದ ಬಂದಿದ್ದ. ತೆಲಿಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನೊಬ್ಬ, ಹೆಂಡತಿ ತೀರಿಕೊಂಡವನು, ಭಾಗ್ಯಳನ್ನು ಮದುವೆಯಾಗಲು ಒಪ್ಪಿದ್ದಾನೆ ಎಂದ. ಅವಳ ಗಂಡ, ನಿಮ್ಮ ತಮ್ಮ ಪಾಲಣ್ಣ ಸತ್ತು ಏಳು ವರ್ಷವಾಗುತ್ತ ಬಂತು. ಅವಳಿಗೆ ಇನ್ನೂ ಇಪ್ಪತ್ತೊಂಬತ್ತು. ಹುಡುಗಿ ಎಷ್ಟೋ ದಿನಗಳ ಮೇಲೆ ತಲೆ ಬಾಚಿಕೊಂಡು, ಬಟ್ಟೆಯ ಬ್ಯಾಗು ಹಿಡಿದು ಹೊಸ್ತಿಲ ತನಕ ಬಂದಳು.

ಆಗ ಅತ್ತೆ ಕಾಂತೇಶನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೋ ಹೇಳಿದರು. ಆರು ವರ್ಷದ ನಮ್ಮ ಮಗ ಓಡಿ ಹೋಗಿ ಅವಳ ಸೆರಗು ಹಿಡಿದು, "ಭಾಗ್ಯಾ, ನನ್ನ ಬಿಟ್ಟು ಹೊಂಟೇನು?" ಎಂದ. ಚಿಗವ್ವ ಅನ್ನಲಿಲ್ಲ. ಗಂಡ ಕರೆಯುವ ಹಾಗೆ ಹೆಸರು ಹಿಡಿದು ಕರೆದ. ಭಾಗ್ಯ ಬ್ಯಾಗು ಕೆಳಗಿಟ್ಟಳು. "ಅಣ್ಣಾ, ಅವ್ರು ಮನ್ಯಾಗ ಅದಾರ, ನಾ ಹೆಂಗ ಬರ್ಲಿ" ಎಂದು ಒಳಗೆ ಹೋದಳು. ನೀವು ಪೇಪರ್ ಮಡಚಿದಿರಿ, ಮತ್ತೆ ಬಿಚ್ಚಿದಿರಿ. ಅದಕ್ಕೇ ಬಸ್ಸು ಹತ್ತಿದೆ.

ನನ್ನ ಹೆಸರು ಕೇಳಿಯೇ ನೀವು ಮದುವೆಗೆ ಒಪ್ಪಿದ್ದಂತೆ. ಸೈಕಲ್ ಅಂಗಡಿಯ ನನ್ನಪ್ಪ ಯಾವುದೋ ಮೆರವಣಿಗೆ ನೋಡಿ ಬಂದು ಇಟ್ಟ ಹೆಸರು. ನೀವೋ ಹೆಸರಿಗೆ ಯರ್ರಿಸ್ವಾಮಿ, ಸ್ವಾಮಿಗಳನ್ನು ಕಂಡರೆ ಆಗದ ವಿಜ್ಞಾನದ ಮೇಷ್ಟ್ರು. ದೇವರಿಲ್ಲ, ಆತ್ಮವಿಲ್ಲ, ಸತ್ತ ಮೇಲೆ ಏನೂ ಇಲ್ಲ. ನನ್ನನ್ನು ಕೇಳಿದರೆ ನಾನು ಗೊತ್ತಿಲ್ಲ ಅನ್ನುತ್ತಿದ್ದೆ. ಹೋಗಿ ನೋಡಿ ಬಂದವರು ಯಾರಿದ್ದಾರೆ? ನೀವು ರೇಗುತ್ತಿದ್ದಿರಿ, ಅಡ್ಡಗೋಡೆ ಮೇಲೆ ದೀಪ ಇಡಬ್ಯಾಡ ಎಂದು.

ಪಾಲಣ್ಣನ ಬೈಕು ಲಾರಿಗೆ ಸಿಕ್ಕ ದಿನ, ಎಲ್ಲ ಮುಗಿಸಿ ಬಂದ ಮೇಲೆ, ಅವನೀಗ ಎಲ್ಲಿದ್ದಾನೆ ಎಂದು ನಾನು ನಿಮ್ಮನ್ನು ಕೇಳಿದ್ದೆ. "ಹುಟ್ಟಾಕ ಮೊದಲು ನೀನು ಎಲ್ಲಿದ್ದಿ? ಈಗ ಅವನೂ ಅಲ್ಲೇ. ನೋವಿಲ್ಲ, ಕತ್ತಲಿಲ್ಲ, ಹೋದೆ ಅಂತ ಅಳಾಕ ಅವನೇ ಇಲ್ಲ" ಅಂದಿರಿ. ನಿಮಗೆ ಗೊತ್ತೋ ಇಲ್ಲವೋ, ಆ ಮಾತಿನಿಂದ ನನಗೆ ಸಮಾಧಾನವಾಗಿತ್ತು. ಆ ರಸ್ತೆಯ ಬಿಸಿಲು ಅವನಿಗೆ ಇನ್ನು ತಾಗುವುದಿಲ್ಲ ಎಂದುಕೊಂಡೆ. ಆ ಒಂದು ಮಾತು ನಿಮ್ಮ ತಾಯಿಗೂ ಹೇಳಿದ್ದರೆ ಆಗುತ್ತಿತ್ತು.

ಹೇಳಲಿಲ್ಲ. ಮೂರನೆಯ ದಿನ ಹಿರಿಯರು ಪಡಸಾಲೆಯಲ್ಲಿ, ಹೆಣ ಮಲಗಿಸಿದ್ದ ಜಾಗದಲ್ಲಿ ಜೋಳದ ಹಿಟ್ಟು ಹರಡಿ, ದೀಪ ಹಚ್ಚಿ, ಬುಟ್ಟಿ ಮುಚ್ಚಿದರು. ಹಕ್ಕಿಯ ಹೆಜ್ಜೆ ಮೂಡಿದರೆ ಹಕ್ಕಿಯಾಗಿ, ಕರುವಿನ ಗೊರಸು ಮೂಡಿದರೆ ಕರುವಾಗಿ ಹುಟ್ಟುತ್ತಾನೆ ಎಂಬ ಲೆಕ್ಕ. ಬೆಳಿಗ್ಗೆ ಮಾರಣ್ಣ ತಾತ ಬುಟ್ಟಿ ಎತ್ತಿದರೆ ಹಿಟ್ಟಿನ ನಡುವೆ ಒಂದು ಕೂಸಿನ ಪಾದ, ಐದು ಬೆರಳು ಸಮೇತ. "ಕರಿಯಕ್ಕಾ, ಅಳಬ್ಯಾಡ ಏಳು. ನಿನ್ನ ಮಗ ಇದೇ ಮನ್ಯಾಗ ಹುಟ್ಟಿ ಬರ್ತಾನ" ಎಂದರು ತಾತ. ಮೂರು ದಿನ ನೀರೂ ಮುಟ್ಟದಿದ್ದ ಅತ್ತೆ ಎದ್ದು ಗಂಜಿ ಕುಡಿದರು. ಮದುವೆಯಾಗಿ ಆರು ತಿಂಗಳೂ ತುಂಬದ ಭಾಗ್ಯ ಆ ಹಿಟ್ಟಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಆಮೇಲೆ ಎಲ್ಲರೂ ನನ್ನ ಹೊಟ್ಟೆ ನೋಡಿದರು.

ಮುಂದಿನದು ನಿಮಗೆ ಗೊತ್ತು. ಕಾಂತೇಶ ಏಳು ತಿಂಗಳಿಗೇ ಹುಟ್ಟಿದಾಗ ಅತ್ತೆ, "ತಡೀಲಾರದ ಓಡಿ ಬಂದಾನ" ಎಂದು ಊರಿಗೆಲ್ಲ ಸಕ್ಕರೆ ಹಂಚಿದರು. ಶಾಲೆಯಲ್ಲಿ ಕಾಂತೇಶ, ಮನೆಯಲ್ಲಿ ಪಾಲಣ್ಣ. ಪಾಲಣ್ಣನ ತಟ್ಟೆ, ಪಾಲಣ್ಣನ ಟವೆಲು. ಅವನು ಉಣ್ಣದೆ ಭಾಗ್ಯ ಉಣ್ಣುವುದಿಲ್ಲ, ಅವನಿಗೆ ಜ್ವರ ಬಂದರೆ ಉಪವಾಸ ಬೀಳುತ್ತಾಳೆ. ನಾನು ಹೆತ್ತ ಮಗ ನನ್ನ ಹತ್ತಿರ ಬಂದು, "ಅವ್ವಾ, ಲಾರಿ ಹಾಯ್ದಾಗ ನನಗೆ ಭಾಳ ನೋವಾತೇನು?" ಎಂದು ಕೇಳುತ್ತಾನೆ.

ಹೋದ ವರ್ಷ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಮೂಢನಂಬಿಕೆ ಬಗ್ಗೆ ಕಾರ್ಯಕ್ರಮ ಮಾಡಿದಿರಲ್ಲ, ಅದರ ವಿಡಿಯೋ ನನ್ನ ಮೊಬೈಲಿಗೂ ಬಂತು. ತಟ್ಟೆಯಲ್ಲಿ ಹಿಟ್ಟು ಹರಡಿ, ಮುಷ್ಟಿ ಕಟ್ಟಿ ಕಿರುಬೆರಳಿನ ಕಡೆಯಿಂದ ಒತ್ತಿ, ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟಿರಿ. ಕೂಸಿನ ಪಾದ ತಯಾರು. ಇಷ್ಟೇ ನೋಡ್ರಿ ಪುನರ್ಜನ್ಮ ಎಂದಿರಿ. ಮಕ್ಕಳು ಚಪ್ಪಾಳೆ ಹೊಡೆದರು. ಊರ ಮಕ್ಕಳಿಗೆಲ್ಲ ತೋರಿಸಿದ್ದನ್ನು ಮನೆಯ ಇಬ್ಬರು ಹೆಂಗಸರಿಗೆ ತೋರಿಸಲು ನಿಮ್ಮ ಕೈ ಏಳಲಿಲ್ಲ.

ಬುಟ್ಟಿಯ ಕೆಳಗಿನ ಹೆಜ್ಜೆಯೂ ನಿಮ್ಮ ಮುಷ್ಟಿಯದೇ ಏನು ಎಂದು ಆ ಸಂಜೆ ನಾನು ಕೇಳಿದಾಗ ನೀವು ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ದೊಡ್ಡವರು. "ಅವ್ವ ಸಾಯ್ತಿದ್ಲು, ಏನ್ ಮಾಡ್ಲಿ" ಅಂದಿರಿ. ಆ ಬೆಳಗಿನ ಮಟ್ಟಿಗೆ ನಾನು ನಿಮ್ಮನ್ನು ದೂರುವುದಿಲ್ಲ. ಹೆತ್ತವಳು ಕಣ್ಣೆದುರು ಒಣಗುತ್ತಿದ್ದರೆ ಯಾರ ಸಿದ್ಧಾಂತ ತಾನೇ ನಿಂತೀತು? ನನ್ನ ಹೊಟ್ಟೆಯುರಿ ಆಮೇಲಿನ ಏಳು ವರ್ಷದ್ದು. ಅತ್ತೆ ಗಂಜಿ ಕುಡಿದ ಮರುದಿನ ಹೇಳಬಹುದಿತ್ತು. ಭಾಗ್ಯ ಬ್ಯಾಗು ಕೆಳಗಿಡುವಾಗಲಾದರೂ ಹೇಳಬಹುದಿತ್ತು.

ಒಂದು ವಿಷಯ ಯೋಚನೆ ಮಾಡಿ. ದೇವರನ್ನು ನಂಬುವವರು ಭಾಗ್ಯಳಿಗೆ ಮೋಸ ಮಾಡಿದ್ದರೆ, ಈ ಜನ್ಮ ಹೋದರೆ ಇನ್ನೊಂದು ಜನ್ಮದಲ್ಲಿ ಸುಖ ಸಿಕ್ಕೀತು ಎಂದು ಅವರ ಮನಸ್ಸಿಗೆ ಒಂದು ನೆಪವಾದರೂ ಇರುತ್ತಿತ್ತು. ನಿಮಗೆ ಆ ನೆಪವೂ ಇಲ್ಲ. ಮನುಷ್ಯನಿಗೆ ಇರುವುದು ಇದೊಂದೇ ಜನ್ಮ, ಮತ್ತೊಂದಿಲ್ಲ ಎಂದು ಹಡಗಲಿಯಿಂದ ಹರಪನಹಳ್ಳಿ ತನಕ ಮೈಕು ಹಿಡಿದು ಹೇಳಿದವರು ನೀವು. ಹಾಗಿದ್ದರೆ ಆ ಒಂದೇ ಒಂದರಲ್ಲಿ ಏಳು ವರ್ಷ ಅವಳಿಂದ ಕಿತ್ತುಕೊಂಡಿದ್ದೀರಿ. ಎಲ್ಲಿಂದ ತಂದು ಕೊಡುತ್ತೀರಿ? ನಿಜವಾಗಿ ನೀವು ನಾಸ್ತಿಕರಾಗಿದ್ದರೆ ಭಾನುವಾರ ನಿಮಗೆ ಪೇಪರಿನ ಅಕ್ಷರ ಕಾಣಬಾರದಾಗಿತ್ತು.

ತೆಲಿಗಿಯವರು ಸೋಮವಾರದ ತನಕ ಕಾಯುತ್ತಾರಂತೆ, ಆಮೇಲೆ ಬೇರೆ ಕಡೆ ಮಾತು ಕೊಡುತ್ತಾರಂತೆ. ಬೀರಲಿಂಗೇಶ್ ಕಣ್ಣೀರು ಹಾಕಿಕೊಂಡು ಹೇಳಿದ. ಅಷ್ಟರೊಳಗೆ ಅತ್ತೆಯನ್ನೂ ಭಾಗ್ಯಳನ್ನೂ ಎದುರು ಕೂರಿಸಿಕೊಂಡು, ತಟ್ಟೆಯಲ್ಲಿ ಹಿಟ್ಟು ಹರಡಿ, ನಿಮ್ಮ ಮುಷ್ಟಿ ಒತ್ತಿ ತೋರಿಸಿ. ಅತ್ತೆ ಶಾಪ ಹಾಕುತ್ತಾರೆ, ಹಾಕಿಸಿಕೊಳ್ಳಿ. ಶಾಪದಲ್ಲಿ ನಿಮಗೆ ನಂಬಿಕೆ ಇಲ್ಲವಲ್ಲ. ನೀವು ಹೇಳದಿದ್ದರೆ ಸೋಮವಾರ ಮೊದಲ ಬಸ್ಸಿಗೆ ನಾನೇ ಗುಡೇಕೋಟೆಗೆ ಬರುತ್ತೇನೆ. ಹೇಳಿದರೆ, ಮಗ ನಿಮ್ಮನ್ನು ನೆನೆಸುತ್ತಾನೆ, ಬಂದು ನೋಡಿ ಹೋಗಿ. ನನ್ನ ವಿಷಯ ಆಮೇಲೆ ಮಾತಾಡೋಣ.

ಇನ್ನೂ ನಿಮ್ಮ ಹೆಂಡತಿಯಾಗಿರುವ,
ಕ್ರಾಂತಿ

ತಾ.ಕ: ಮೇಲಿನದನ್ನೆಲ್ಲ ಬರೆದು, ಕವರಿಗೆ ಗೋಂದು ಹಚ್ಚಲು ಕೂತು, ಮತ್ತೆ ಬಿಚ್ಚಿದ್ದೇನೆ. ಇದರ ಜೊತೆ ನನ್ನ ತಾಯಿ ಕಾರ್ಡಿನ ಜೆರಾಕ್ಸ್ ಇಟ್ಟಿದ್ದೇನೆ. ಆರು ವರ್ಷ ಇಲ್ಲಿ ಅವ್ವನ ಟ್ರಂಕಿನಲ್ಲಿತ್ತು. ಅದರಲ್ಲಿ ಬರೆದ ಕೊನೆಯ ಮುಟ್ಟಿನ ತಾರೀಖು ನೋಡಿ. ಪಾಲಣ್ಣ ತೀರಿಕೊಂಡ ದಿನ ಕಾಂತೇಶ ಆಗಲೇ ನನ್ನ ಹೊಟ್ಟೆಯಲ್ಲಿದ್ದ. ತಿಂಗಳು ನಿಂತು ಹದಿನೈದು ದಿನವಾಗಿತ್ತು, ನಿಮಗೆ ಹೇಳಬೇಕೆಂದಿದ್ದ ದಿನವೇ ಲಾರಿಯ ಸುದ್ದಿ ಬಂತು. ಅವನು ಏಳು ತಿಂಗಳ ಕೂಸಲ್ಲ, ದಿನ ತುಂಬಿ ಹುಟ್ಟಿದವನು. ಮೂರು ಕೆಜಿ ತೂಗಿದ ಕೂಸನ್ನು ಏಳು ತಿಂಗಳದ್ದೆಂದರೆ ವಿಜ್ಞಾನದ ಮೇಷ್ಟ್ರು ನೀವೂ ನಂಬಿದಿರಿ, ಇಲ್ಲವೇ ನಂಬಿದವರ ಹಾಗಿದ್ದಿರಿ. ನಾಲ್ಕು ವರ್ಷ ಬಂಜೆ ಅನ್ನಿಸಿಕೊಂಡವಳಿಗೆ ಆ ಹೆಜ್ಜೆ ಮೂಡಿದ ದಿನದಿಂದ ಅತ್ತೆ ತಾವೇ ಹಾಲು ಕಾಯಿಸಿ ಕೊಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ. ಸೋಮವಾರ ನೀವು ಹೇಳಿದ್ದರೂ, ಹೇಳದಿದ್ದರೂ ಈ ಕಾರ್ಡು ಹಿಡಿದು ಭಾಗ್ಯಳ ಎದುರು ನಿಲ್ಲುತ್ತೇನೆ. ಎಲ್ಲದಕ್ಕೂ ಗೊತ್ತಿಲ್ಲ, ಗೊತ್ತಿಲ್ಲ ಅನ್ನುತ್ತಿದ್ದವಳಿಗೆ ಇದೊಂದು ಮೊದಲ ದಿನದಿಂದಲೂ ಗೊತ್ತಿತ್ತು.