ಚಟ್ನಿಪುಡಿ ಮಾತ್ರ

ರೀ,

ಕೊನೆಗೂ ಟಿಕೆಟ್ ಆಯಿತು. ಏಪ್ರಿಲ್‌ನಲ್ಲಿ ನಮ್ಮ ದೀಕ್ಷಿತಾ ನನ್ನನ್ನು ಚೀನಾದ ಫುಜಿಯನ್‌ಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿಯ ಕಡಲತೀರದ ಊರೊಂದರ ಬೌದ್ಧ ದೇವಾಲಯದಲ್ಲಿ ನಮ್ಮ ನರಸಿಂಹನ ಕೆತ್ತನೆ ಇದೆ ಎಂದು ನೀವಿದ್ದಾಗ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದಿರಲ್ಲ, ಅದನ್ನು ನೋಡುವುದಕ್ಕೆ.

ಆಗೆಲ್ಲ ನನ್ನದು ಒಂದೇ ಮಾತು. "ಈರುಳ್ಳಿ ಬೆಳ್ಳುಳ್ಳಿ ಹಾಕ್ದೆ ಅಲ್ಲಿ ಯಾರ್ರೀ ಅಡುಗೆ ಮಾಡ್ತಾರೆ?" ನೀವು ನಕ್ಕು ಲ್ಯಾಪ್‌ಟಾಪ್ ಮುಚ್ಚುತ್ತಿದ್ದಿರಿ.

ಇವತ್ತು ಪಕ್ಕದ ಮನೆಯ ಲಿನ್ ಬಂದಿದ್ದರು. ಅವರ ತವರು ಅದೇ ಊರು. ನಾನು ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರ್ ಜೋಡಿಸಿಟ್ಟಿದ್ದನ್ನು ನೋಡಿ ನಕ್ಕರು. ಬೌದ್ಧ ಸನ್ಯಾಸಿಗಳೂ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲವಂತೆ. ದೇವಾಲಯದ ಹತ್ತಿರವೇ ಅಂಥ ಊಟ ಸಿಗುತ್ತದಂತೆ. "ನಿಮ್ಮ ಯಜಮಾನರಿಗೆ ಆಗಲೇ ಹೇಳಿದ್ದೆನಲ್ಲ" ಎಂದರು ಇಂಗ್ಲಿಷಿನಲ್ಲಿ.

ದೀಕ್ಷಿತಾ ನನ್ನ ಕಡೆ ತಿರುಗಿದಳು. "ಅಪ್ಪಂಗೆ ಗೊತ್ತಿತ್ತಾ? ಮತ್ತೆ ಯಾಕಮ್ಮ ನಿನ್ ಜೊತೆ ಆರ್ಗ್ಯೂ ಮಾಡ್ಲಿಲ್ಲ?"

ಡಾಕ್ಟರು ನಿಮ್ಮ ಹೃದಯದ ವಿಷಯ ಹೇಳಿದ ದಿನದಿಂದ ಅಷ್ಟು ದೂರದ ವಿಮಾನವೆಂದರೆ ನನಗೆ ಭಯವಾಗುತ್ತಿತ್ತು. ಅದನ್ನು ಬಾಯಿಬಿಟ್ಟರೆ ನೀವು ಕುಗ್ಗಿಹೋಗುತ್ತೀರೆಂದು ಊಟದ ನೆಪ ಹಿಡಿದಿದ್ದೆ. ನೀವು ಎಲ್ಲ ತಿಳಿದೂ ಆ ನೆಪವನ್ನು ನನಗೇ ಬಿಟ್ಟುಕೊಟ್ಟಿರಿ.

ಲಿನ್ ಹೋದ ಮೇಲೆ ಕುಕ್ಕರ್, ಅವಲಕ್ಕಿ ವಾಪಸು ಅಡುಗೆಮನೆಯಲ್ಲಿಟ್ಟೆ. ಚಟ್ನಿಪುಡಿಯನ್ನೂ ದೀಕ್ಷಿತಾ ಎತ್ತಿಡಲು ಬಂದಳು, ಬೇಡವೆಂದೆ.

ಅದಿಲ್ಲದೆ ನಿಮಗೆ ಊಟ ಸೇರುವುದಿಲ್ಲ.