ಅರವತ್ತೆರಡರಲ್ಲೇ ನಿಂತ ಪಡದೆ

ಕರೋಶಿ
೬ ನವೆಂಬರ್ ೧೯೯೪

ಗೆಳೆಯ ಧನಪಾಲನಿಗೆ,

ನಿನ್ನೆ ಮಧ್ಯಾಹ್ನ ಉಂಡು ಒರಗಿದ್ದೆ. ಕನಸಿನಲ್ಲಿ ಮತ್ತೆ ಅದೇ ಕಂಪ್ಯೂಟರ್ ಪಡದೆ, ಅದೇ ಅರವತ್ತೆರಡು. ಕೈಯಿಂದ ಉಜ್ಜಿದೆ, ಉಗುರಿನಿಂದ ಕೆರೆದೆ, ಅಂಕಿ ಕದಲಲಿಲ್ಲ. ಅದರ ಹಿಂದಿನಿಂದ ಲಗಮಪ್ಪ ಕಾಕಾ ಕೇಳುತ್ತಲೇ ಇದ್ದರು, "ನೇಮಿ, ಇನ್ನಷ್ಟು ಬಿಡ್ಲೇನೋ?"

ಏಳನೇ ಇಯತ್ತೆ ಮುಗಿಸದೆ ಶಾಲೆ ಬಿಟ್ಟವನನ್ನು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದವನು ನೀನು. ಕುದಿಯುವ ಕಬ್ಬಿನ ಹಾಲು ಟಾಕಿಯಲ್ಲಿ ಎಷ್ಟು ಏರಿದೆಯೆಂದು ನೋಡಿ ಕೂಗುವುದಷ್ಟೇ ನನ್ನ ಕೆಲಸ; ಅದನ್ನು ಕೇಳಿ ಟಾಕಿಗೆ ಹಾಲು ಬಿಡುವುದು ಲಗಮಪ್ಪ ಕಾಕಾ ಅವರದು. ನೂರಾದರೆ ಟಾಕಿ ತುಂಬಿದಂತೆ. ನಿನ್ನ ಪ್ರೋಗ್ರಾಮು ಸೆಕೆಂಡಿಗೊಮ್ಮೆ ಇಡೀ ಪಡದೆ ಅಳಿಸಿ ಮತ್ತೆ ಬರೆಯುತ್ತಿತ್ತು. ಆ ಮಿಣುಕಿಗೆ ನನ್ನ ಕಣ್ಣಲ್ಲಿ ನೀರು. "ಏನ್ಲೇ, ಹೆಂಡ್ತಿ ತವರಿಗೆ ಹೋದಾಗೂ ಇಷ್ಟ ಅತ್ತಿದ್ದಿಲ್ಲ!" ಎಂದು ಕಾಕಾ ನಗುತ್ತಿದ್ದರು.

ಆ ಮಿಣುಕು ನಿಲ್ಲಿಸೆಂದು ನಾನೇ ನಿನಗೆ ದುಂಬಾಲು ಬಿದ್ದೆ. "ಬದಲಾದ ಅಂಕಿ ಅಷ್ಟ ಬರದ್ರ ಸಾಕಲ್ಲೋ, ಉಳದದ್ದು ಯಾಕ ಅಳಸ್ಬೇಕು?" ಎಂದವನೇ ನೀನು ಒಂದೇ ದಿನದಲ್ಲಿ ತಿದ್ದಿಕೊಟ್ಟೆ. ಪಡದೆ ಶಾಂತವಾಯಿತು. ನಾವಿಬ್ಬರೂ ಖುಷಿಯಿಂದ ಚಹಾ ಕುಡಿದೆವು.

ಹದಿನೈದು ದಿನವೂ ಆಗಿರಲಿಲ್ಲ. ಕಾಕಾ ಟಾಕಿಯ ಬುಡದಲ್ಲಿ ನಿಂತು, ಇನ್ನಷ್ಟು ಬಿಡಲೇ ಎಂದು ಕೇಳಿದರು. "ಬಿಡ್ರಿ ಕಾಕಾ, ಅರವತ್ತೆರಡ ಐತಿ," ಎಂದೆ. ಕಂಪ್ಯೂಟರ್ ಯಾವಾಗಲೋ ನಿಂತುಹೋಗಿತ್ತು, ಪಡದೆಯ ಮೇಲೆ ಹಳೆಯ ಅಂಕಿ ಹಾಗೇ ಉಳಿದಿತ್ತು. ಹಾಲು ಉಕ್ಕಿ ಅವರ ಮೈಮೇಲೆ ಸುರಿಯಿತು. ಮೂರನೆಯ ದಿನ ಹೋದರು.

ಕಾರ್ಖಾನೆಯವರು ಯಂತ್ರ ಕೆಟ್ಟಿತ್ತು ಎಂದು ಬರೆದು ಮುಗಿಸಿದರು. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ. ಮೊದಲಿನಂತಿದ್ದರೆ ಮಿಣುಕು ನಿಂತಕೂಡಲೇ ನನಗೆ ತಿಳಿಯುತ್ತಿತ್ತು. ಈಗ ಸುಮ್ಮನಿರುವ ಪಡದೆಗೂ ಸತ್ತ ಪಡದೆಗೂ ಏನು ಫರಕು? ಇದನ್ನು ನಿನಗೆ ಹೇಳಬೇಕೆಂದು ಎಷ್ಟು ಸಲ ಬಂದೆನೋ, ಬಾಗಿಲಿಂದಲೇ ತಿರುಗಿ ಹೋದೆನೋ.

ನಿನ್ನ ತಂಗಿ ಸುಂದರಾ ಅಂಕಲಿ ಸಂತೆಯಲ್ಲಿ ಸಿಕ್ಕಿದ್ದಳು. ಸೋಮವಾರ ಅಥಣಿ ಕಡೆಯ ಹೊಸ ಕಾರ್ಖಾನೆಯಲ್ಲಿ ಅದೇ ಪ್ರೋಗ್ರಾಮು ಹಾಕುತ್ತೀಯಂತೆ. "ಅಣ್ಣ ಈ ಸಲ ಪಡದೆ ಮೂಲ್ಯಾಗ ಸೆಕೆಂಡ ಓಡೂಹಂಗ ಮಾಡ್ಯಾನ, ನಿಂತ್ರ ಗೊತ್ತಾಗ್ತೈತಿ," ಎಂದಳು. ಅಲ್ಲೇ ಕೈ ಮುಗಿದೆ. ಮನೆಗೆ ಬಂದಮೇಲೆ ಮತ್ತೊಂದು ಸಂಶಯ ಹುಟ್ಟಿತು. ಆ ಸೆಕೆಂಡು ತನ್ನಷ್ಟಕ್ಕೆ ತಾನು ಓಡುತ್ತದೆಯೋ, ಟಾಕಿಯ ಮಟ್ಟ ಓದಿದ ಮೇಲಷ್ಟೇ ಮುಂದಕ್ಕೆ ಹೋಗುತ್ತದೆಯೋ? ತಾನೇ ಓಡಿದರೆ, ಮಟ್ಟ ಓದುವುದು ನಿಂತರೂ ಅದು ಓಡಿ ಓಡಿ ಅಲ್ಲಿ ಕೂತವನನ್ನು ನಂಬಿಸಿಬಿಡುತ್ತದೆ.

ನಿನ್ನ ಕೈಯ ಕೆಲಸ ಯಾರನ್ನೂ ಸುಡದಿರಲಿ, ನಿನಗೆ ಒಳ್ಳೆಯದಾಗಲಿ. ಟಾಕಿಯಿಂದ ಬರುವ ತಂತಿ ಕಿತ್ತು ನೋಡು; ಸೆಕೆಂಡು ನಿಲ್ಲಬೇಕು. ನೋಡಿದ್ದರೂ ಇನ್ನೊಮ್ಮೆ ಕಿತ್ತು ನೋಡು.

ನಿನ್ನ
ನೇಮಿನಾಥ